ಸಲಹೆ ಕೊಟ್ಟವನ ಪಾಲು

ಕಳೆದ ಫೆಬ್ರವರಿಯ ಒಂದು ಶನಿವಾರ ರಾತ್ರಿ ನನ್ನ ಚಿಕ್ಕಮ್ಮನ ಮಗ ರಾಯಚೂರಿನಿಂದ ಬಂದ. ಮಹಬೂಬನಗರದ ಮೇಲೆ ಬರುವ ಬಸ್ಸು ಹಿಡಿದು, ಹೈದರಾಬಾದಿನ ಟ್ರಾಫಿಕ್ಕು ದಾಟಿ ಮಿಯಾಪುರದ ನಮ್ಮ ಮನೆ ಮುಟ್ಟುವಾಗ ಹತ್ತು ಗಂಟೆ ಮೀರಿತ್ತು. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅದರ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ಊಟವಾದ ಮೇಲೆ ಫೈಲು ಬಿಚ್ಚಿ ಮೂರು ಕಾಗದಗಳನ್ನು ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟ. ಎರಡು ವೆಬ್ ಡಿಸೈನ್ ಕಲಿಸುತ್ತೇವೆ ಎನ್ನುವವರ ಕರಪತ್ರ. ಮೂರನೆಯದು ಅವನೇ ಕೈಯಲ್ಲಿ ಬರೆದುಕೊಂಡ ಪಟ್ಟಿ, ದುಡ್ಡಿಲ್ಲದೆ ಕಲಿಯಬಹುದಾದ ಜಾಲತಾಣಗಳದ್ದು.

"ಅಣ್ಣ, ನೀ ಹೇಳಿದ ಕಡಿ ಸೇರ್ತೀನಿ. ಇದ್ರಾಗ ನನಗೇನು ತಿಳಿತದ?" ಅಂದ.

ಅವನಿಗೀಗ ಮೂವತ್ತೊಂಬತ್ತು. ಪಿಯುಸಿ ಮುಗಿಸಿ ರಾಯಚೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದವನು. ಪೇಜ್‌ಮೇಕರ್, ನುಡಿ, ಆಮೇಲೆ ಕೋರೆಲ್ ಡ್ರಾ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಎಲೆಕ್ಷನ್ ಹ್ಯಾಂಡ್‌ಬಿಲ್ಲು, ಬರುಬರುತ್ತ ಫ್ಲೆಕ್ಸು. ಈಗ ಲಗ್ನದ ಕರೆಯೋಲೆ ವಾಟ್ಸ್ಯಾಪಿನಲ್ಲಿ ಹೋಗುತ್ತದೆ, ಕಾರ್ಡು ಹೊಡೆಸಿದರೂ ದೇವರ ಮುಂದೆ ಇಡಲಿಕ್ಕೆ ಐವತ್ತು ಸಾಕು. ಪ್ರೆಸ್ಸಿನ ಮಾಲಕರು ದೀಪಾವಳಿಯ ನಂತರ ಅರ್ಧ ಸಂಬಳದ ಮಾತೆತ್ತಿದ್ದರು. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರು, ಮಗಳು ಏಳನೇ ಕ್ಲಾಸು. ಫೀಸಿಗೆ ಏನು ಮಾಡುತ್ತೀ ಎಂದು ಕೇಳಿದೆ. "ಆಕಿ ಬಳಿ (ಬಂಗಾರದ್ದು) ಅವ" ಎಂದು ನೆಲ ನೋಡಿದ.

ನಾಲ್ಕು ವರ್ಷದ ಹಿಂದಿನ ನಾನಾಗಿದ್ದರೆ ಐದು ನಿಮಿಷದಲ್ಲಿ ಒಂದು ಕಾಗದದ ಮೇಲೆ ಬೆರಳಿಟ್ಟು "ಇದಕ್ಕೆ ಸೇರು" ಅಂದಿರುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ. ನಾಳೆ ಮಾತಾಡೋಣ, ದಣಿದಿದ್ದೀ ಮಲಗು ಅಂದೆ. ಯಾಕೆ ಬಾಯಿ ಬರಲಿಲ್ಲ ಎನ್ನುವುದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

2023ರಲ್ಲಿ ನನ್ನ ಪ್ರಾಜೆಕ್ಟಿನಿಂದ ಹನ್ನೊಂದು ಜನರನ್ನು ಬಿಡಬೇಕಾಯಿತು. ಪಟ್ಟಿ ಮಾಡಿದವನು ನಾನು. ಅದರಲ್ಲಿ ಟೆಸ್ಟಿಂಗ್ ತಂಡದ ಒಬ್ಬ ಹೆಣ್ಣುಮಗಳಿದ್ದರು. ವರಂಗಲ್ ಕಡೆಯವರು, ಆರು ವರ್ಷದ ಅನುಭವ, ಕೆಲಸದಲ್ಲಿ ಹೇಳುವಂಥ ತಪ್ಪಿಲ್ಲ. ಆ ಕೆಲಸವನ್ನು ಆಟೋಮೇಶನ್ ಮಾಡುತ್ತಿದ್ದೆವು, ಅಷ್ಟೇ. ಕೊನೆಯ ದಿನ ಅವರು ನನ್ನ ಬಳಿ ಬಂದು, "ಸರ್, ಟೆಸ್ಟಿಂಗ್ ಬಿಟ್ಟು ಡಿಸೈನ್ ಕಡೆ ಹೋಗಬೇಕು ಅಂತಿದ್ದೀನಿ. ಎಲ್ಲಿ ಕಲಿಯಲಿ?" ಎಂದು ಕೇಳಿದರು. ಎರಡು ಕಾಲ್‌ಗಳ ನಡುವೆ ನನಗಿದ್ದದ್ದು ಹತ್ತು ನಿಮಿಷ. ಲಿಂಕ್ಡ್‌ಇನ್ನಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತಿದ್ದ ಒಂದು ಆನ್‌ಲೈನ್ ಕೋರ್ಸಿನ ಹೆಸರು ಹೇಳಿದೆ. ಒಳ್ಳೆಯದು, ಸೇರಿ, ನಿಮಗೆ ಆಗುತ್ತೆ ಅಂದೆ. ಆ ಕೋರ್ಸು ಮಾಡಿದ ಒಬ್ಬನನ್ನೂ ನಾನು ಕಂಡಿರಲಿಲ್ಲ. ಆ ಕ್ಷಣದಲ್ಲಿ ನನಗೆ ಬೇಕಾಗಿದ್ದದ್ದು ಅವರ ಮುಖದಲ್ಲಿ ಸ್ವಲ್ಪ ಬೆಳಕು. ಪಟ್ಟಿ ಮಾಡಿದ ಕೈಗೆ ಒಂದಿಷ್ಟು ಸಮಾಧಾನ.

ಒಂದೂವರೆ ವರ್ಷದ ನಂತರ ಅವರು ಅಮೀರ್‌ಪೇಟ್ ಮೆಟ್ರೋ ನಿಲ್ದಾಣದಲ್ಲಿ ಸಿಕ್ಕರು. ಕೋರ್ಸಿಗೆ 1,40,000 ರೂಪಾಯಿ ಸಾಲವಾಗಿತ್ತು. ಎಂಟು ತಿಂಗಳು ರೆಕಾರ್ಡ್ ಮಾಡಿದ ವಿಡಿಯೋ ನೋಡಿದ್ದರು, ಮೂರು ಬಾರಿ ಮೆಂಟರ್ ಬದಲಾಗಿದ್ದರು. ಕೊನೆಗೆ ಬಂದದ್ದು ಎರಡು ಸಂದರ್ಶನ, ಎರಡೂ ಕಡೆ ಕೇಳಿದ್ದು ಡಿಸೈನಿನಲ್ಲಿ ಮೂರು ವರ್ಷದ ಅನುಭವ. ಈಗ ಹಳೆಯ ಸಂಬಳಕ್ಕಿಂತ ಕಡಿಮೆಗೆ ಮತ್ತೆ ಟೆಸ್ಟಿಂಗಿನಲ್ಲೇ ಇದ್ದಾರೆ. ಕಂತು ಕಟ್ಟುತ್ತಿದ್ದಾರೆ. ನಾನು ಏನೋ ಹೇಳಲು ತಡವರಿಸಿದಾಗ, "ನೀವೇನು ಮಾಡ್ತೀರಿ ಸರ್, ನನ್ನ ಹಣೆಬರಹ" ಅಂದು ರಾಯದುರ್ಗದ ರೈಲು ಹತ್ತಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬಯ್ಯದೆ ಹೋದದ್ದರಿಂದ ಲೆಕ್ಕ ನನ್ನ ಬಳಿಯೇ ಉಳಿಯಿತು.

ನಮ್ಮ ಕಡೆ ಸಾಲದ ಬಗ್ಗೆ ಒಂದು ಗಾದೆ ಇದೆ: ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಸಲಹೆಯ ವಿಷಯದಲ್ಲಿ ಇದು ತಿರುವುಮುರುವು. ಕೊಟ್ಟವನು ಈರಭದ್ರನಾಗಿ ಮನೆಗೆ ಹೋಗುತ್ತಾನೆ, ಇಸಿದುಕೊಂಡವನು ಕೋಡಂಗಿಯಾಗಿ ಕಂತು ಕಟ್ಟುತ್ತಾನೆ. ನಗರದಲ್ಲಿ ಇಪ್ಪತ್ತು ವರ್ಷದಿಂದಿರುವ ನಮ್ಮಂಥವರಿಗೆ ಊರಿನಿಂದ ಫೋನ್ ಬರುವುದೇ ಸಲಹೆಗೆ. ಮಗನಿಗೆ ಯಾವ ಬ್ರಾಂಚು, ಮಗಳಿಗೆ ಯಾವ ಕೋರ್ಸು, ತಮ್ಮನಿಗೆ ಯಾವ ಇನ್‌ಸ್ಟಿಟ್ಯೂಟು. ಲಿಫ್ಟಿನಲ್ಲಿ ನಿಂತೇ ಉತ್ತರ ಕೊಟ್ಟಿದ್ದೇವೆ. ಆ ಉತ್ತರದ ಬೆಲೆ ಯಾರು ತೆತ್ತರು ಎಂದು ತಿರುಗಿ ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಮರುದಿನ ಭಾನುವಾರ ಇಬ್ಬರೂ ಅಮೀರ್‌ಪೇಟೆಗೆ ಹೋದೆವು. ಮಿಯಾಪುರದಿಂದ ಮೆಟ್ರೋದಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಹೈದರಾಬಾದಿಗೆ ಬಂದಿಳಿದವರಿಗೆ ಅಮೀರ್‌ಪೇಟೆಯ ಪರಿಚಯ ಬೇಕಿಲ್ಲ, ಬೆಂಗಳೂರಿನ ಓದುಗರಿಗೆ ಹೇಳಬೇಕು. ಮೈತ್ರಿವನಂ ಕಟ್ಟಡ, ಅದರ ಪಕ್ಕದ ಆದಿತ್ಯ ಎನ್‌ಕ್ಲೇವ್, ಹಳೆಯ ಸತ್ಯಂ ಥಿಯೇಟರಿನ ರಸ್ತೆ. ಇಷ್ಟರೊಳಗೆ ಒಂದರ ಮೇಲೊಂದು ಸಾಫ್ಟ್‌ವೇರ್ ಕಲಿಸುವ ಕೇಂದ್ರಗಳು. ಗೋಡೆ, ಮೆಟ್ಟಿಲು, ವಿದ್ಯುತ್ ಕಂಬ, ಎಲ್ಲೆಲ್ಲೂ ಬೋರ್ಡು. ಸತ್ಯಂ ಥಿಯೇಟರ್ ಹೋಗಿ ಅಲ್ಲಿ ಮಾಲ್ ಬಂದಿದೆ, ಬೋರ್ಡುಗಳಲ್ಲಿ ಕಾಲಕ್ಕೆ ತಕ್ಕಂತೆ ಹೆಸರು ಬದಲಾಗಿವೆ. ತೊಂಬತ್ತರ ದಶಕದ ಕೊನೆಯಲ್ಲಿ ಮೇನ್‌ಫ್ರೇಮ್ ಇತ್ತು. ನಾನು ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ 2004ರಲ್ಲಿ ಬಂದಾಗ ಜಾವಾ ಮತ್ತು ಡಾಟ್‌ನೆಟ್. ಈಗ ಫುಲ್ ಸ್ಟಾಕ್, ಯುಐ ಯುಎಕ್ಸ್, ಡೇಟಾ ಸೈನ್ಸ್, ಎಐ.

ಈ ಜಾಗವನ್ನು ಹೀಗಳೆಯುವುದು ಸುಲಭ. ನಾನು ಹೀಗಳೆಯಲಾರೆ. ಎಂ.ಟೆಕ್. ಪದವಿ ಇಟ್ಟುಕೊಂಡೂ ಒಂದು ಪೂರ್ತಿ ಪ್ರೋಗ್ರಾಂ ಬರೆದು ಓಡಿಸಲು ಬಾರದ ನನಗೆ ಜಾವಾ ಕಲಿಸಿದ್ದು ಇಲ್ಲಿಯ ಒಬ್ಬ ಮೇಷ್ಟ್ರು. ನೂರಿಪ್ಪತ್ತು ಜನ ಕಿಕ್ಕಿರಿದ ಕೋಣೆ, ಬೆಳಗಿನ ಏಳು ಗಂಟೆ, ಕೈಯಲ್ಲಿ ಮೈಕು. ತೆಲುಗು, ಇಂಗ್ಲಿಷ್, ನಡುನಡುವೆ ನಮ್ಮಂಥವರಿಗಾಗಿ ಹಿಂದಿ. ಕಾಲೇಜಿನಲ್ಲಿ ಯಾರೂ ಹಾಗೆ ಕಲಿಸಿರಲಿಲ್ಲ. ಎಸ್.ಆರ್. ನಗರದ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಐವರು ಮಲಗಿ, ನೋಟ್ಸ್ ಜೆರಾಕ್ಸ್ ಮಾಡಿಸಿ ಓದಿ ಮೇಲೆ ಬಂದ ಸಾವಿರಾರು ಹಳ್ಳಿ ಹುಡುಗರಿಗೆ ಈ ಬೀದಿಯೇ ದಾರಿ ತೋರಿಸಿದ್ದು. ಅಲ್ಲಿ ಕಲಿಸುವುದು ಎಷ್ಟು ನಿಜವೋ, ಅದರ ಸುತ್ತ ಮಾರುವ ಭರವಸೆಯಲ್ಲಿ ಹುಸಿ ಇರುವುದೂ ಅಷ್ಟೇ ನಿಜ. ಎರಡೂ ಒಂದೇ ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತವೆ, ಕಷ್ಟ ಇರುವುದು ಅಲ್ಲಿ.

ಮೊದಲನೆಯ ಕರಪತ್ರದವರ ಕಚೇರಿಗೆ ಹೋದೆವು. ಮೂರು ತಿಂಗಳು, 18,000 ರೂಪಾಯಿ, ಮೊದಲ ಎರಡು ದಿನ ಪುಕ್ಕಟೆ ಡೆಮೊ. ಕೌನ್ಸೆಲರ್ ಆಗಿ ಕೂತ ಹುಡುಗನಿಗೆ ಇಪ್ಪತ್ತೈದು ಇರಬಹುದು. ತಮ್ಮನ ವಯಸ್ಸು ಕೇಳಿದ, ಒಂದು ಕ್ಷಣ ಸುಮ್ಮನಾದ. ಆಮೇಲೆ ದನಿ ತಗ್ಗಿಸಿ ಹಿಂದಿಯಲ್ಲಿ, ವಯಸ್ಸಿನ ಚಿಂತೆ ಬೇಡ, ಎರಡು ಮೂರು ವರ್ಷದ ಅನುಭವದ ಕಾಗದಕ್ಕೂ ಬೇರೆ ಕಡೆ ವ್ಯವಸ್ಥೆ ಆಗುತ್ತದೆ ಅಂದ. ಹೊರಗೆ ಬಂದು ಚಹಾ ಅಂಗಡಿಯ ಮುಂದೆ ನಿಂತಾಗ ತಮ್ಮ ಕೇಳಿದ: "ಅದು ತಪ್ಪೇನಣ್ಣ? ಎಲ್ಲಾರೂ ಮಾಡ್ತಾರಂತಲ್ಲ?"

ತಪ್ಪು ಎಂದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಮುಂದಿನ ಕಂಪನಿಯ ತಪಾಸಣೆಯಲ್ಲೂ ಅದು ಏಳುತ್ತದೆ ಎಂದೆ. ಇದು ಭಯದ ಉತ್ತರ, ನೀತಿಯ ಉತ್ತರವಲ್ಲ ಎಂದು ಹೇಳುವಾಗಲೇ ನನಗೆ ತಿಳಿಯಿತು. ಅದಕ್ಕಿಂತ ಮುಜುಗರದ ಇನ್ನೊಂದು ವಿಷಯ ನೆನಪಾಯಿತು. ಹೊಸ ಪ್ರಾಜೆಕ್ಟಿಗೆ ಜನರನ್ನು ತೋರಿಸುವಾಗ ಎರಡು ತಿಂಗಳು ಮಾಡಿದ ಕೆಲಸವನ್ನು "ಪರಿಣತಿ" ಎಂದು ಪ್ರೊಫೈಲಿನಲ್ಲಿ ಬರೆಸಿದವನು ನಾನೇ. ಅದಕ್ಕೆ ಯಾರೂ ನಕಲಿ ಎನ್ನುವುದಿಲ್ಲ, ಪ್ರೊಫೈಲ್ ತಿದ್ದುವುದು ಎನ್ನುತ್ತಾರೆ. ತಮ್ಮನಿಗೆ ಇದನ್ನೂ ಹೇಳಿದೆ. ಬಿಸಿ ಚಹಾ ಊದುತ್ತ, "ಅಂದ್ರ ದೊಡ್ಡವರು ಮಾಡಿದ್ರ ಬ್ಯಾರೆ ಹೆಸರು" ಅಂದ. ಹೌದು ಅಂದೆ. ಆದರೂ ಬೇಡ ಅಂದೆ. ಈ ಬಾರಿ ಕಾರಣವನ್ನೂ ಹೇಳಿದೆ: ಆ ಕಾಗದ ತೋರಿಸಿ ಒಳಗೆ ಹೋದರೆ ನಿನಗೆ ಬಾರದ್ದನ್ನು "ಬರುವುದಿಲ್ಲ, ಹೇಳಿಕೊಡಿ" ಎಂದು ಕೇಳುವ ಹಕ್ಕು ಹೋಗುತ್ತದೆ. ಕಲಿಯುವವನಿಗೆ ಇರುವುದೇ ಅದೊಂದು ಹಕ್ಕು.

ಹುಸಿ ಭರವಸೆಯ ಬಗ್ಗೆ ಕಾನೂನು ಸುಮ್ಮನಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಕ್ಷೇತ್ರದ ಜಾಹೀರಾತುಗಳ ಮೇಲೆ ಮಾರ್ಗಸೂಚಿ ತಂದಿದೆ. ಕೆಲಸ ಖಾತ್ರಿ, ಆಯ್ಕೆ ಖಾತ್ರಿ ಎಂಬ ಹುಸಿ ಮಾತು ಕೂಡದು, ಗೆದ್ದವರ ಫೋಟೋವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಕೂಡದು ಎನ್ನುತ್ತದೆ ಅದು. ಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. 2022ರಿಂದ ಇರುವ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ, ಸಾಲದ ನಿಜವಾದ ಖರ್ಚೆಷ್ಟು ಎಂಬ ಪತ್ರವನ್ನು ಮೊದಲೇ ಕೊಡಬೇಕು, ಸಾಲ ತೆಗೆದುಕೊಂಡವನಿಗೆ ದಂಡವಿಲ್ಲದೆ ಹಿಂದೆ ಸರಿಯಲು ಒಂದು ಸಣ್ಣ ಅವಧಿಯೂ ಇರಬೇಕು. ಎರಡನೆಯ ಕರಪತ್ರದವರು "ತಿಂಗಳಿಗೆ ಇಷ್ಟೇ" ಎಂದು ದೊಡ್ಡಕ್ಷರದಲ್ಲಿ ಹಾಕಿದ್ದರು. ಆ "ಇಷ್ಟೇ" ಎನ್ನುವುದು ಕಲಿಸುವವರ ಫೀಸಿನ ಕಂತಾಗಿರದೆ, ಬೇರೊಂದು ಹಣಕಾಸು ಸಂಸ್ಥೆಯ ಸಾಲವಾಗಿತ್ತು. ಪಾಠ ನಡುವೆ ಬಿಟ್ಟರೂ ಸಾಲ ನಡೆಯುತ್ತಿರುತ್ತದೆ. ವರಂಗಲ್ಲಿನ ಆ ಹೆಣ್ಣುಮಗಳು ಸಿಕ್ಕಿಕೊಂಡದ್ದು ಇಲ್ಲಿಯೇ.

ಕಾನೂನು ಬೋರ್ಡನ್ನು ಇಳಿಸಬಹುದು, ದಂಡ ಹಾಕಬಹುದು. ಸಂಬಂಧಿಕನಾಗಿ, ಸರ್ ಆಗಿ, ಅಣ್ಣನಾಗಿ ಮಾತು ಕೊಡುವ ನನಗೆ ಯಾವ ಮಾರ್ಗಸೂಚಿಯೂ ಇಲ್ಲ. ಆ ಕೌನ್ಸೆಲರ್ ಹುಡುಗನಿಗೆ ಸೇರಿಸಿದ ತಲೆಗಿಷ್ಟು ಎಂದು ಕಮಿಷನ್ ಇರಬಹುದು. ನನಗೂ ಒಂದು ಕಮಿಷನ್ ಇತ್ತು: ಗೊತ್ತಿರುವವನು ಅನ್ನಿಸಿಕೊಳ್ಳುವ ಸುಖ. ಅವನದು ಕೇಳುವವನಿಗೆ ಕಾಣುತ್ತದೆ, ಆದ್ದರಿಂದ ಅವನ ಮಾತನ್ನು ಅರ್ಧ ನಂಬುತ್ತಾರೆ. ನನ್ನದು ಕಾಣುವುದಿಲ್ಲ, ಪೂರ್ತಿ ನಂಬುತ್ತಾರೆ. ಹಾಗಿರುವಾಗ ಹೆಚ್ಚು ಎಚ್ಚರ ಇರಬೇಕಾದದ್ದು ಯಾರಿಗೆ?

ಇದಕ್ಕೆ ಬರುವ ಮೊದಲ ತಕರಾರು: ಕೇಳಿದವನು ಮಗುವಲ್ಲ, ತೀರ್ಮಾನ ಅವನದು, ಹೇಳಿದವನು ಯಾಕೆ ಹೊಣೆ ಹೊರಬೇಕು? ಸರಿಸಮ ತಿಳಿವಳಿಕೆ ಇದ್ದವರ ನಡುವೆ ಈ ಮಾತು ಒಪ್ಪಬಹುದು. ತಮ್ಮ ನನ್ನನ್ನು ಯಾಕೆ ನಂಬುತ್ತಾನೆ? ನಾನು ವೆಬ್ ಡಿಸೈನ್ ಬಲ್ಲವನೆಂದಲ್ಲ. ನನ್ನ ಜೀವನದಲ್ಲಿ ಒಂದು ಪುಟವನ್ನೂ ವಿನ್ಯಾಸ ಮಾಡಿಲ್ಲ. ಅವನು ನಂಬುವುದು ನನ್ನ ಫ್ಲ್ಯಾಟನ್ನು, ಕಾರನ್ನು, ಎಂ.ಟೆಕ್. ಅನ್ನು, ಚಿಕ್ಕಮ್ಮನ ಬಾಯಲ್ಲಿ ನಾನಿರುವ ಎತ್ತರವನ್ನು. ಒಂದು ವಿಷಯದಲ್ಲಿ ಗಳಿಸಿದ ನಂಬಿಕೆಯನ್ನು ನಾನು ಇನ್ನೊಂದು ವಿಷಯದಲ್ಲಿ ಖರ್ಚು ಮಾಡುತ್ತಿದ್ದೇನೆ. ಅದನ್ನು ತಿಳಿದೂ ತಿಳಿಸದಿದ್ದರೆ ಅದಕ್ಕೂ ನಕಲಿ ಅನುಭವದ ಕಾಗದಕ್ಕೂ ಇರುವ ದೂರ ಬಹಳ ಕಡಿಮೆ.

ಎರಡನೆಯ ತಕರಾರು: ಹಾಗಾದರೆ ಸುಮ್ಮನಿದ್ದುಬಿಡು. ಇದನ್ನೂ ಯೋಚಿಸಿದೆ. ನಾನು ಸುಮ್ಮನಿದ್ದರೆ ಅವನು ಕೇಳುವುದು ಆ ಕೌನ್ಸೆಲರ್ ಹುಡುಗನನ್ನು. ಕೆಲಸಕ್ಕೆ ಜನರನ್ನು ಆರಿಸುವ ಕುರ್ಚಿಯಲ್ಲಿ ಹತ್ತು ವರ್ಷ ಕೂತವನು ನನಗೆ ತಿಳಿದಷ್ಟನ್ನೂ ಹೇಳದೆ, ಕೈ ತೊಳೆದುಕೊಂಡು ಕೂತರೆ ಅದು ವಿನಯ ಅಲ್ಲ, ಪಾರಾಗುವ ದಾರಿ. ಮಾತಾಡಿದರೂ ಹೊಣೆ, ಆಡದಿದ್ದರೂ ಹೊಣೆ. ಹಾಗಾದರೆ ಉಳಿಯುವುದು, ಮಾತಿನ ಜೊತೆ ನನ್ನದೂ ಏನಾದರೂ ಇಡುವುದು. ನನ್ನಲ್ಲಿ ಇಡಲಿಕ್ಕೆ ಇದ್ದದ್ದು ಭಾನುವಾರಗಳು.

"ಮೂರು ಕಾಗದಾನೂ ಒಂದು ತಿಂಗಳು ತೆಗೆದಿಡು. ನಾಲ್ಕು ಭಾನುವಾರ ನಾನೂ ನೀನೂ ಕೂತು ಒಂದು ಪುಟ ಮಾಡೋಣ. ಆಮೇಲೆ ಯಾವುದಕ್ಕೆ ಸೇರಬೇಕು ಅಂತ ನೋಡೋಣ" ಅಂದೆ. ಅವನಿಗೆ ನಿರಾಸೆಯಾಯಿತು. ಒಂದು ಹೆಸರು ಬೇಕೆಂದು ನಾಲ್ಕೈದು ಗಂಟೆ ಬಸ್ಸಿನಲ್ಲಿ ಬಂದವನು ಅವನು.

ಪುಟ ಯಾವುದು? ಅವನಿಗೆ ಗೊತ್ತಿರುವ, ಮಾನ್ವಿ ರಸ್ತೆಯ ಒಂದು ಬೀಜ ಗೊಬ್ಬರದ ಅಂಗಡಿಯದು. ಅಂಗಡಿಯ ಹೆಸರು, ಯಾವ ಬೀಜ ಬಂದಿದೆ, ಬೆಲೆ, ಫೋನು, ತೆರೆಯುವ ಹೊತ್ತು. ಕನ್ನಡದಲ್ಲಿ. ಮೊಬೈಲಿನಲ್ಲಿ ಕಾಣಬೇಕು, ನಿಧಾನದ ನೆಟ್ಟಿನಲ್ಲೂ ತೆರೆಯಬೇಕು. ಅವನು ರಾಯಚೂರಿನಲ್ಲಿ, ನಾನು ಇಲ್ಲಿ, ನಡುವೆ ಒಂದು ವಿಡಿಯೋ ಕಾಲ್.

ಮೊದಲ ಭಾನುವಾರವೇ ಒಂದು ವಿಷಯ ಬಯಲಾಯಿತು. "ವೆಬ್ ಡಿಸೈನ್" ಎಂಬ ಒಂದು ಹೆಸರಿನ ಕೆಳಗೆ ಮೂರು ಬೇರೆ ಕೆಲಸಗಳಿವೆ. ಪುಟ ಹೇಗೆ ಕಾಣಬೇಕು, ಬಂದವರು ಎಲ್ಲಿ ಒತ್ತಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ ಫಿಗ್ಮಾದಂಥ ಸಾಧನದಲ್ಲಿ ಬರೆಯುವುದು ಒಂದು. ಅದನ್ನು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟಿನಲ್ಲಿ ಕಟ್ಟುವುದು ಇನ್ನೊಂದು. ವರ್ಡ್‌ಪ್ರೆಸ್‌ನಲ್ಲೋ ಮತ್ತೊಂದರಲ್ಲೋ ಪುಟ ನಿಲ್ಲಿಸಿ, ಗಿರಾಕಿ ಹೇಳಿದಾಗಲೆಲ್ಲ ಬದಲಿಸಿ, ಅದು ಮುರಿಯದಂತೆ ನೋಡಿಕೊಳ್ಳುವುದು ಮೂರನೆಯದು. ನಮ್ಮ ಎರಡೂ ಕರಪತ್ರಗಳು ಮೂರನ್ನೂ ಕಲಸಿ ಒಂದೇ ಹೆಸರಿನಲ್ಲಿ ಮಾರುತ್ತಿದ್ದವು. ಯಾವುದಕ್ಕೆ ಸೇರಲಿ ಎನ್ನುವುದಕ್ಕಿಂತ ಮೊದಲು ಇವುಗಳಲ್ಲಿ ಯಾವ ಕೆಲಸ ಮಾಡುತ್ತ ದಿನವಿಡೀ ಕೂರಬಲ್ಲೆ ಎಂದು ಕೇಳಿಕೊಳ್ಳಬೇಕು. ಅದು ಮಾಡಿ ನೋಡದೆ ಗೊತ್ತಾಗುವುದಿಲ್ಲ.

ಎರಡನೆಯ ಭಾನುವಾರ ನಾವು ಮಾತಾಡಿದ್ದು, ಕಲಿತದ್ದು ಎಷ್ಟು ದಿನ ಉಳಿಯುತ್ತದೆ ಎಂದು. ನಾನು ಹೈದರಾಬಾದಿಗೆ ಬಂದ ಕಾಲದಲ್ಲಿ ವೆಬ್ ಡಿಸೈನ್ ಎಂದರೆ ಫ್ಲ್ಯಾಶ್. ನನ್ನ ರೂಮಿನಲ್ಲಿದ್ದ ಒಬ್ಬ ಒಂದು ವರ್ಷದ ದುಡ್ಡು ಹಾಕಿ ಅದನ್ನೇ ಕಲಿತ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಕದ ಮುಚ್ಚಿತು. ಅದೇ ಹೊತ್ತಿಗೆ, 1994ರಲ್ಲಿ ನಾರ್ವೆಯ ಹೋಕೊನ್ ವಿಯುಮ್ ಲಿ ಮುಂದಿಟ್ಟು 1996ರಲ್ಲಿ ಮಾನಕವಾದ ಸಿಎಸ್‌ಎಸ್ ಇವತ್ತಿಗೂ ನಡೆಯುತ್ತಿದೆ, ಬೆಳೆಯುತ್ತಲೂ ಇದೆ. 2010ರಲ್ಲಿ ಈಥನ್ ಮಾರ್ಕಾಟ್ ಎಂಬಾತ ಪುಟ ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗಬೇಕು ಎಂದು ಒಂದು ಲೇಖನ ಬರೆದ. ಆ ಯೋಚನೆಯೂ ಉಳಿದಿದೆ. ಈಗ ಎಐಗೆ ಒಂದು ಸಾಲು ಹೇಳಿದರೆ ನಿಮಿಷದಲ್ಲಿ ಪುಟ ಬರುತ್ತದೆ. ಅದನ್ನೂ ಮಾಡಿ ನೋಡಿದೆವು. ಅಂಗಡಿಯ ಪುಟ ಥಳಥಳ ಎಂದು ಬಂತು. ಮುಂದಿನದ್ದು ನನಗೆ ಪಾಠ.

ಪುಟ ನೋಡಿದ ತಕ್ಷಣ ತಮ್ಮ, "ಅಣ್ಣ, ಒತ್ತು ಕಟ್ ಆಗ್ಯಾವ ನೋಡು" ಅಂದ. ನನಗೆ ಕಾಣಲಿಲ್ಲ. ಅವನು ದೊಡ್ಡದು ಮಾಡಿ ತೋರಿಸಿದ. "ಹತ್ತಿ", "ಗೊಬ್ಬರ", "ಕೃಷ್ಣಾ" ಎಂಬಲ್ಲಿ ಕೆಳಗಿನ ಒತ್ತಕ್ಷರಗಳು ಗುಂಡಿಯ ಅಂಚಿಗೆ ಸಿಕ್ಕು ಅರ್ಧ ಹೋಗಿದ್ದವು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟಿತ್ತು ಯಂತ್ರ. ನಮ್ಮ ಲಿಪಿ ಕೆಳಗೂ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. "ಪ್ರೆಸ್ಸಿನ್ಯಾಗ ಹಿಂಗ ಬಿಟ್ಟಿದ್ರ ಮಾಲಕರು ಕಾರ್ಡ್ ಮುಖಕ್ಕ ಒಗೀತಿದ್ರು" ಎಂದು ನಕ್ಕ. ತಿಳಿಹಸಿರಿನ ಮೇಲೆ ಬಿಳಿ ಅಕ್ಷರ ಇಟ್ಟದ್ದನ್ನೂ ಅವನೇ ಬೇಡ ಅಂದ, ಬಿಸಿಲಲ್ಲಿ ನಿಂತ ರೈತನಿಗೆ ಕಾಣುವುದಿಲ್ಲ ಎಂದು. ಎಲ್ಲರಿಗೂ ಎಟಕುವ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅಂತರ ಇರಬೇಕು ಎನ್ನುತ್ತದೆ. ಅವನು ಅದನ್ನು ಓದಿರಲಿಲ್ಲ. ಇಪ್ಪತ್ತು ವರ್ಷ ಕಾಗದದ ಮೇಲೆ ಅಕ್ಷರ ಇಟ್ಟವನ ಕಣ್ಣು ಅದನ್ನು ಬಲ್ಲದು.

ಅವನಿಗೆ ಬಾರದ್ದೂ ಅಷ್ಟೇ ಸ್ಪಷ್ಟವಾಯಿತು. ನುಡಿಯ ಹಳೆಯ ಕಡತದಿಂದ ಕಾಪಿ ಮಾಡಿ ಹಾಕಿದರೆ ಪುಟದಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆಗಳು ಬಂದವು. ಯೂನಿಕೋಡ್ ಎಂದರೇನು ಎಂದು ಅವತ್ತು ತಿಳಿಯಿತು. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸಿದ್ದ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಲಾರದು ಎಂದು ತೋರಿಸಿದಾಗ ಇಡೀ ದಿನ ಕೂತು ಮತ್ತೆ ಮಾಡಿದ. ಜಾವಾಸ್ಕ್ರಿಪ್ಟ್ ಮುಂದೆ ಮೂರನೆಯ ಭಾನುವಾರ ಪೂರ್ತಿ ಸೋತ. ಫೋನಿನಲ್ಲಿ ಅವನ ಮುಖ ನೋಡಲಾಗಲಿಲ್ಲ.

ಆ ನಾಲ್ಕು ವಾರದಲ್ಲಿ ನನಗೆ ಹೊಳೆದದ್ದು ಇಷ್ಟು. ತರಬೇತಿಗೆ ಕೊಡುವ ದುಡ್ಡಿನಲ್ಲಿ ನಾವು ಕೊಳ್ಳುವುದು ವಿಷಯವನ್ನಲ್ಲ. ವಿಷಯ ಪುಕ್ಕಟೆ ಇದೆ: ಮೊಜಿಲ್ಲಾದ ಎಂಡಿಎನ್ ಇದೆ, 2014ರಿಂದ ಫ್ರೀಕೋಡ್‌ಕ್ಯಾಂಪ್ ಇದೆ, ಸರ್ಕಾರದ ಸ್ವಯಂ ಇದೆ. ಫೀಸಿನಲ್ಲಿ ಕೊಳ್ಳುವುದು ಬೇರೆ ನಾಲ್ಕನ್ನು: ಎಬ್ಬಿಸುವ ವೇಳಾಪಟ್ಟಿ, ಸಿಕ್ಕಿಕೊಂಡಾಗ ಕೇಳಲು ಒಬ್ಬ ಮನುಷ್ಯ, ಜೊತೆಗೆ ಕೂರುವ ಸಂಗಡಿಗರು, ಕೊನೆಗೆ ತೋರಿಸಲು ಒಂದು ಹೆಸರು. ನನ್ನಲ್ಲಿ ಇವುಗಳಲ್ಲಿ ಯಾವುದು ಇಲ್ಲ ಎಂದು ಗೊತ್ತಾದರೆ ಎಷ್ಟು ಕೊಡಬಹುದು, ಯಾರಿಗೆ ಕೊಡಬಹುದು ಎನ್ನುವುದು ಗೊತ್ತಾಗುತ್ತದೆ. ಇವುಗಳಲ್ಲಿ ಅತಿ ದುಬಾರಿಯದು ಹೆಸರು. ಹೊಸಬರನ್ನು ಆರಿಸುವಾಗ ನಾನು ಅತಿ ಕಡಿಮೆ ನೋಡಿದ್ದೂ ಅದನ್ನೇ. ಮಾಡಿದ ಎರಡು ಕೆಲಸ ತೋರಿಸಿ, ಇಲ್ಲಿ ಹೀಗೆ ಯಾಕೆ ಮಾಡಿದೆ ಎಂದು ಹೇಳಬಲ್ಲವನು ಸರ್ಟಿಫಿಕೇಟಿನವನಿಗಿಂತ ಮುಂದೆ ಹೋಗುತ್ತಿದ್ದ. ಇದು ನನ್ನ ಕುರ್ಚಿಯಿಂದ ಕಂಡದ್ದು. ಎಲ್ಲ ಕುರ್ಚಿಗಳ ಮಾತು ನಾನಾಡಲಾರೆ. ರೆಸ್ಯೂಮಿಯನ್ನು ಮೊದಲು ಯಂತ್ರವೇ ಸೋಸುವ ಕಡೆ ಹೆಸರಿಗೂ ಬೆಲೆ ಇದೆ.

ನಾಲ್ಕನೆಯ ಭಾನುವಾರ ಅವನು ಮತ್ತೆ ಬಂದ. ಮೂರು ಕಾಗದ ಮತ್ತೆ ಟೇಬಲ್ ಮೇಲೆ. "ಈಗ ಹೇಳು, ನೀ ಏನಂತಿ?" ಅಂದ. ನನ್ನ ಮನಸ್ಸು ಇದ್ದದ್ದು ಪುಕ್ಕಟೆ ದಾರಿಯ ಕಡೆ. ದುಡ್ಡು ಉಳಿಯುತ್ತದೆ, ಬಳೆ ಉಳಿಯುತ್ತವೆ. ಅದನ್ನು ಹೇಳಿದೆ. ಜೊತೆಗೆ, ಇದು ನನ್ನ ಹಟ ಇರಬಹುದು, ನನಗೆ ಒಬ್ಬನೇ ಕೂತು ಓದುವ ಅಭ್ಯಾಸ ಇದೆ, ನಿನ್ನದು ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಒಬ್ಬನ ಕುಂತು ಓದಾಕ ಆಗಂಗಿಲ್ಲ ಅಣ್ಣ. ಹತ್ತು ಮಂದಿ ನಡುವ ಕುಂತ್ರ ಕಲೀತೀನಿ. ಪ್ರೆಸ್ಸಿನ್ಯಾಗೂ ಹಂಗ ಕಲ್ತಿದ್ದು" ಅಂದ.

ಅಮೀರ್‌ಪೇಟೆಯ ತರಗತಿಗೇ ಸೇರಬೇಕು ಎಂದು ಅವನು ತೀರ್ಮಾನಿಸಿದ. ಆದರೆ ದನಿ ತಗ್ಗಿಸಿದ ಆ ಕಚೇರಿಗಲ್ಲ. ಎರಡು ದಿನ ಬೇರೆ ನಾಲ್ಕು ಕಡೆ ಡೆಮೊ ಕೂತ. ಕೇಳಬೇಕಾದದ್ದನ್ನು ನಾವಿಬ್ಬರೂ ಮೊದಲೇ ಬರೆದುಕೊಂಡಿದ್ದೆವು. ಡೆಮೊ ಮಾಡಿದವರೇ ಮೂರು ತಿಂಗಳೂ ಕಲಿಸುತ್ತಾರೋ? ಹೋದ ಬ್ಯಾಚಿನವರು ಮಾಡಿದ ಪುಟ ತೋರಿಸುತ್ತೀರೋ? ಕೆಲಸ ಸಿಗದ ಒಬ್ಬರ ನಂಬರು ಕೊಡುತ್ತೀರೋ? ಫೀಸು ತಿಂಗಳು ತಿಂಗಳು ನಿಮಗೇ ಕಟ್ಟಬಹುದೋ, ಸಾಲವೇ ಆಗಬೇಕೋ? ಮೂರನೆಯ ಪ್ರಶ್ನೆಗೆ ಮೂರು ಕಡೆ ನಕ್ಕರಂತೆ. ಒಂದು ಕಡೆ ಮೇಷ್ಟ್ರೇ ಹೊರಗೆ ಬಂದು, "ಕೆಲಸದ ಮಾತು ನಾನು ಕೊಡೋದಿಲ್ಲ, ಕಲಿಸೋ ಮಾತು ಕೊಡ್ತೀನಿ" ಎಂದು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆಗಲೇ ಫೋನ್ ಹಚ್ಚಿ ಕೊಟ್ಟರಂತೆ. ಅಲ್ಲಿ ಸೇರಿದ. ಫೀಸು ಮೂರು ಕಂತು. ಬಳೆ ಸದ್ಯಕ್ಕೆ ಪೆಟ್ಟಿಗೆಯಲ್ಲಿವೆ. ನಮ್ಮ ಮನೆಯ ಚಿಕ್ಕ ಕೋಣೆಯಲ್ಲಿ ಇದ್ದುಕೊಂಡು ಬೆಳಿಗ್ಗೆ ಆರೂವರೆಯ ಮೆಟ್ರೋ ಹಿಡಿಯುತ್ತಿದ್ದ.

ಮೂರು ತಿಂಗಳು ಮುಗಿದು ಕೆಲ ವಾರಗಳಾದವು. ಕೆಲಸ ಸಿಕ್ಕಿಲ್ಲ. ಬೀಜದ ಅಂಗಡಿಯವರು ಪುಟಕ್ಕೆ 4,000 ಕೊಟ್ಟಿದ್ದಾರೆ, ಒಂದು ಕಲ್ಯಾಣ ಮಂಟಪದವರು ಕೇಳಿದ್ದಾರೆ. ಇದರಿಂದ ಸಂಸಾರ ನಡೆಯುವುದಿಲ್ಲ. ಅವನು ಅರ್ಧ ದಿನ ಪ್ರೆಸ್ಸಿಗೆ ಹೋಗುತ್ತಾನೆ, ಉಳಿದರ್ಧ ದಿನ ಲ್ಯಾಪ್‌ಟಾಪಿನ ಮುಂದೆ. ಇದು ಗೆದ್ದ ಕಥೆಯೋ ಸೋತ ಕಥೆಯೋ ನನಗೆ ಗೊತ್ತಿಲ್ಲ. ಸೋತರೆ ಆ ಸೋಲಿನಲ್ಲಿ ನನ್ನ ಪಾಲು ಎಷ್ಟು ಎನ್ನುವುದು ಮಾತ್ರ ಈ ಸಲ ಗೊತ್ತಿದೆ, ಅವನಿಗೂ ಗೊತ್ತಿದೆ.

ಹೋದ ತಿಂಗಳು ವರಂಗಲ್ಲಿನ ಆ ಹೆಣ್ಣುಮಗಳಿಗೂ ಫೋನ್ ಮಾಡಿದೆ. ನಾನು ಹೆಸರು ಹೇಳಿದ ಕೋರ್ಸಿನ ಬಗ್ಗೆ ಅವತ್ತು ನನಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಿದೆ. ಹೇಳಲು ಎರಡು ವರ್ಷ ತಡವಾಗಿತ್ತು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ನನಗೆ ಆಗಲೇ ಅನ್ನಿಸಿತ್ತು ಸರ್. ಆದರೆ ಅವತ್ತು ಯಾರಾದರೂ ಏನಾದರೂ ಹೇಳಬೇಕಿತ್ತು" ಅಂದರು. ಇನ್ನೂ ಏಳು ಕಂತು ಇವೆಯಂತೆ. ನೀವು ಮಾಡಿದ ಡಿಸೈನ್ ಕಳಿಸಿ, ನೋಡಬಲ್ಲವರೊಬ್ಬರು ನಮ್ಮಲ್ಲಿದ್ದಾರೆ, ಅವರ ಜೊತೆ ಕೂತು ನಿಮಗೆ ಬರೆಯುತ್ತೇನೆ, ಕೆಲಸದ ಮಾತು ಕೊಡಲಾರೆ ಅಂದೆ. ಕಳಿಸಿದ್ದಾರೆ. ಈ ಶನಿವಾರ ಕೂರುತ್ತಿದ್ದೇವೆ.

ಭಾನುವಾರ ರಾಯಚೂರಿನ ಕಾಲ್ ಇದ್ದೇ ಇದೆ. ಕಲ್ಯಾಣ ಮಂಟಪದ ಪುಟದಲ್ಲಿ "ಅಧ್ಯಕ್ಷರು" ಎಂಬಲ್ಲಿ ಒತ್ತು ಮತ್ತೆ ಸಿಕ್ಕಿಕೊಂಡಿದೆಯಂತೆ.